ಅತ್ತೆ ಪೂಜೆಗೆ ಕುಳಿತ ಬಂಡೆ

ಮೊಳಕಾಲ್ಮೂರು ಬಿಟ್ಟ ಹನ್ನೆರಡನೆಯ ದಿನ ನಾನು, ಯಜಮಾನರು, ಅತ್ತೆ ಗೋಕರ್ಣ ತಲುಪಿದೆವು. ಚಳ್ಳಕೆರೆಯ ಮೇಲೆ ದಾವಣಗೆರೆಗೆ ಎತ್ತಿನ ಗಾಡಿ, ಹುಬ್ಬಳ್ಳಿಗೆ ರೈಲು, ಘಟ್ಟ ಇಳಿಯಲು ಮತ್ತೆ ಗಾಡಿ. ಅಚ್ಚು ಮುರಿಯಲಿಲ್ಲ, ಯಾರಿಗೂ ಜ್ವರ ಬರಲಿಲ್ಲ, ಶಿವನ ದಯೆ. ಮರುದಿನ ದರ್ಶನ ಮುಗಿಸಿ, ಒಂದು ಹರದಾರಿ ನಡೆದು, ಕಡಲೊಳಕ್ಕೆ ಚಾಚಿದ ಗುಡ್ಡಕ್ಕೆ ಹೋದೆವು. ಅಲ್ಲಿಂದ ತಿಮಿಂಗಿಲ ಕಾಣುತ್ತದೆಂದು ಛತ್ರದವರು ಹೇಳಿದ್ದರು. ಅಷ್ಟು ನೀರನ್ನು ನಾನು ಕಂಡವಳಲ್ಲ.

ಗುಡ್ಡದ ಬುಡದಲ್ಲಿ, ಮರಳಿನಾಚೆ, ಚಪ್ಪಟೆ ಬಂಡೆಯೊಂದಿತ್ತು. ಅದರ ತುಂಬ ಬಿಳಿ ಹಕ್ಕಿಗಳು. ಅತ್ತೆ ಅದರ ಮೇಲೆಯೇ ಲಿಂಗಪೂಜೆಗೆ ಕೂರುತ್ತೇನೆಂದರು. ಪೂಜೆ ಮುಗಿಯುವ ತನಕ ಅವರು ಮಾತಾಡರು, ಏಳರು.

"ನೀರು ಹತ್ರ ಐತಲ್ರಿ," ಎಂದೆ ನಮ್ಮ ಯಜಮಾನರಿಗೆ.

"ನಮ್ಮ ಕೆರೆ ಇಳಿದ ಮ್ಯಾಲೆ ಮಳೆ ಬರೋತನಕ ಏರ್ತೈತೇನು? ಮೋಡ ಎಲ್ಲೈತೆ ತೋರ್ಸು," ಎಂದು ನಕ್ಕರು. ನನಗೂ ಸರಿಯೆನಿಸಿತು. ಇಬ್ಬರೂ ಗುಡ್ಡ ಹತ್ತಿದೆವು.

ಬಹಳ ಹೊತ್ತಿನ ಮೇಲೆ ದೂರದ ನೀರಿನಿಂದ ಹೊಗೆಯಂಥದ್ದು ಚಿಮ್ಮಿತು. ಅದರ ಹಿಂದೆಯೇ ಕರಿ ಬೆನ್ನೊಂದು, ನಮ್ಮ ಮನೆಗಿಂತ ಉದ್ದ, ಸದ್ದಿಲ್ಲದೆ ಎದ್ದು ಮುಳುಗಿತು. ಮತ್ತೆ ಏಳುವುದೋ ಎಂದು ಅಲ್ಲೇ ಕಣ್ಣಿಟ್ಟು ನಿಂತೆವು.

ಸೌದೆ ಹೊತ್ತು ಬಂದ ಹೆಂಗಸೊಬ್ಬಳು ಕೆಳಗೆ ಕೈ ತೋರಿದಳು. "ಆ ಮುದುಕಮ್ಮ ನಿಮ್ಮೋರೇ? ಹಕ್ಕಿಯೆಲ್ಲ ಎದ್ದು ಹೋದ್ರೂ ಕೂತೇ ಇದ್ದಾರಲ್ಲ. ದಿನಾ ಏರೋ ನೀರು ಇದು."

ಬಂಡೆಯ ಸುತ್ತಲೂ ನೀರು. ಅಲೆ ಅಂಚಿನ ಮೇಲೆ ಹತ್ತುತ್ತಿತ್ತು. ಅತ್ತೆ ಅಂಗೈಯ ಲಿಂಗವನ್ನು ನೋಡುತ್ತ ಕುಳಿತೇ ಇದ್ದರು.

"ಅವ್ವಾ, ಏಳವ್ವಾ," ಎಂದು ಕೂಗುತ್ತ ಯಜಮಾನರು ಇಳಿದು ಓಡಿದರು. ಅತ್ತೆ ತಲೆಯೆತ್ತಲಿಲ್ಲ. ನನ್ನ ಜೊತೆ ಹಿಂದೆಯೇ ಓಡಿಬಂದ ಹೆಂಗಸು ಸೌದೆ ಕೆಡವಿ, ಅದನ್ನು ಕಟ್ಟಿದ್ದ ಉದ್ದನೆಯ ಹಗ್ಗವನ್ನು ಯಜಮಾನರ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ನಮ್ಮಿಬ್ಬರ ಕೈಗೆ ಸುತ್ತಿದಳು. ಎದೆಮಟ್ಟದ ನೀರಿನಲ್ಲಿ ಅವರು ಎರಡು ಸಲ ಮುಗ್ಗರಿಸಿದರು. ಶಿವ ಎನ್ನುವುದಕ್ಕೂ ನನಗೆ ಬಾಯಿ ಬರಲಿಲ್ಲ. ಹಗ್ಗ ಹೊಸದಿತ್ತು, ಅದೂ ಒಂದು ದಯೆ. ಕೊನೆಗೆ ಅತ್ತೆಯನ್ನು ಹೆಗಲ ಮೇಲೆ ಹೊತ್ತು ತಂದರು. ಲಿಂಗ ಹಿಡಿದ ಮುಷ್ಟಿ ಬಿಚ್ಚಿರಲಿಲ್ಲ.

"ಜೀವ ಹೋದರೂ ಪೂಜೆ ಬಿಡದ ತಾಯಿ," ಎಂದು ಛತ್ರದಲ್ಲಿ ಎಲ್ಲರೂ ಅತ್ತೆಯ ಕಾಲಿಗೆರಗಿದರು. ಮಾರನೆಯ ದಿನ ಊರಿಗೆ ಹೊರಟಾಗ, ಕಡಲು ಕಾಣುವ ಕೊನೆಯ ತಿರುವಿನಲ್ಲಿ, ಅತ್ತೆ ನನ್ನ ಕೈ ಹಿಡಿದುಕೊಂಡರು.

"ಕೂಗಿದ್ದು ಕೇಳಿಸ್ತು ಕಣೆ. ಏಳೋಣ ಅಂದ್ರೆ ಕಾಲೇ ಬರ್ಲಿಲ್ಲ. ಮಂತ್ರಾನೂ ಮರ್ತೋಗಿತ್ತು."

ಘಟ್ಟ ಹತ್ತುವ ತನಕ ನಾನು ಆ ಕೈ ಬಿಡಲಿಲ್ಲ.