ಕಾಲಿನ ಕಡೆಯ ಮೂಲೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಅಂತಲೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಗಂಡನಿಗೆ ಬಿಟ್ಟರೆ ಇನ್ನಾರಿಗೂ ಬೇಕಾಗಿರಲಿಲ್ಲ. ಬೆಳಗಾದರೆ ಮೆಟ್ಟಿಲಿಳಿದು ಬರುವುದು, ಹಬೆಯಲ್ಲಿ ಬೇಯುವುದು, ಒಗೆದ ಬೆಡ್‌ಶೀಟುಗಳನ್ನು ಇಸ್ತ್ರಿ ಮಾಡಿ ಮಡಿಚಿಡುವುದು. ಗಾಣದೆತ್ತಿಗಾದರೂ ಸಂಜೆ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ. ಇವಳಿಗೆ ಸಂಜೆ ಮನೆಯ ಒಲೆ ಕಾದಿರುತ್ತಿತ್ತು.

ಆಸ್ಪತ್ರೆಯ ಬೆಡ್‌ಶೀಟು ಹರಿದರೆ ಎಸೆಯುವುದಿಲ್ಲ, ತೇಪೆ ಹಾಕುತ್ತಾರೆ. ತೇಪೆಯ ಹೊಲಿಗೆ ಒರಟು, ಕೆನ್ನೆಗೆ ಚುಚ್ಚುತ್ತದೆ. ಅದಕ್ಕೇ ಇಸ್ತ್ರಿಯಕ್ಕ ತೇಪೆಯಿರುವ ತುದಿಯನ್ನು ಹುಡುಕಿ, ಅಲ್ಲಿನ ಮೂಲೆಯನ್ನು ಕಿವಿಯಷ್ಟು ಹೊರಕ್ಕೆ ಮಡಿಚಿಡುತ್ತಿದ್ದಳು. ಮಡಿಚಿದ ಮೂಲೆ ಕಾಲಿನ ಕಡೆಗೆ ಬರಬೇಕು ಅಂತ ವಾರ್ಡಿನ ಆಯಾಗಳಿಗೂ ಅವಳೇ ಹೇಳಿಕೊಟ್ಟಿದ್ದಳು. ಯಾರೂ ಮಾಡೆಂದಿರಲಿಲ್ಲ, ಮಾಡಿದ್ದಕ್ಕೆ ಯಾರೂ ಭೇಷ್ ಅಂದಿರಲೂ ಇಲ್ಲ. ಆದರೆ ಆ ಮೂಲೆ ಮಡಿಚಿದ ದಿನ ಮನೆಗೆ ಹೋಗಿ ತಲೆ ಊರಿದರೆ ಸಾಕು, ನಿದ್ದೆ.

ಹೀಗಿರುವಾಗ ಹೊಸ ಮೇಲ್ವಿಚಾರಕ ಬಂದ. ಹುಡುಗ ಒಳ್ಳೆಯವನೇ, ಯಾವುದೋ ತರಬೇತಿಯಲ್ಲಿ ಮಾತ್ರ ಅವನ ತಲೆ ತುಂಬಿಸಿ ಕಳಿಸಿದ್ದರು.

"ನಿಮಗೆಲ್ಲ ಹುರುಪು ಸಾಲದು ಅಕ್ಕಾ, ಹುರುಪು!" ಎಂದು ಬಾಗಿಲ ಪಕ್ಕ ಹಲಗೆ ತೂಗುಹಾಕಿದ. ವಾರದಲ್ಲಿ ಹೆಚ್ಚು ಮಡಿಚಿದವರ ಫೋಟೋ ಅದರ ಮೇಲೆ.

"ಈ ವಯಸ್ಸಲ್ಲಿ ನಂಗ್ಯಾಕಪ್ಪ ಅದೆಲ್ಲ" ಎಂದು ಇಸ್ತ್ರಿಯಕ್ಕ ನಕ್ಕಳು. ಆದರೆ ಪಕ್ಕದ ಮೇಜಿನವಳ ಮುಖ ಗೋಡೆ ಹತ್ತಿದಾಗ ನಗು ನಿಂತಿತು. ತಲೆ ನರೆತರೂ ಆಸೆಗೆ ನರೆ ಬರುವುದಿಲ್ಲವಲ್ಲ.

ಮುಂದಿನ ವಾರ ಅವಳದೇ ಫೋಟೋ. ಮದುವಣಗಿತ್ತಿಯ ಹಾಗೆ ನಾಚಿದಳು. ಅದರ ಮುಂದಿನ ವಾರವೂ ಅವಳೇ, ಆಗ ಅಷ್ಟೇನೂ ಸಂತೋಷವಾಗಲಿಲ್ಲ. ಆಮೇಲೆ ಉಳಿದದ್ದು ಫೋಟೋ ಇಳಿದುಬಿಟ್ಟರೆ ಎಂಬ ಭಯ ಒಂದೇ. ತೇಪೆ ಹುಡುಕುತ್ತ ಕೂತರೆ ಲೆಕ್ಕ ಹಿಂದೆ ಬೀಳುತ್ತದೆ, ಹಾಗಾಗಿ ಹುಡುಕುವುದನ್ನು ಬಿಟ್ಟಳು. ಕೈಗಂಟಿದ ರೂಢಿ ಮಾತ್ರ ಬಿಡಲಿಲ್ಲ. ಸಿಕ್ಕಿದ ಮೂಲೆಯನ್ನು ಮಡಿಚಿ ರಾಶಿಗೆ ಎಸೆಯುತ್ತಿದ್ದಳು. ರಾತ್ರಿ ನಿದ್ದೆ ಹತ್ತದು, ಬೆಳಿಗ್ಗೆ ಏಳಲು ಮನಸ್ಸಿಲ್ಲ. ಮೈ ಮೊದಲೂ ದಣಿಯುತ್ತಿತ್ತು, ಈಗ ಜೀವವೇ ದಣಿದಿತ್ತು.

ಆ ದಿನಗಳಲ್ಲೇ ಗಂಡನಿಗೆ ಅದೇ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಕೆಲಸಕ್ಕಿಳಿಯುವ ಮೊದಲು ಅವನನ್ನು ನೋಡಲು ಮೇಲೆ ಹೋದಳು.

"ನಿದ್ದೆ ಬಂತೇನ್ರೀ?"

"ಎಲ್ಲಿ ನಿದ್ದೆ? ದಿಂಬು ಬೇಡ, ಮಟ್ಟಸವಾಗಿ ಮಲಗಿ ಅಂದ್ರು ಡಾಕ್ಟ್ರು. ಕೆನ್ನೆ ಕೆಳಗೆ ಏನೋ ಒತ್ತುತ್ತಾನೇ ಇತ್ತು. ಹೊರಳೋಣ ಅಂದ್ರೆ ಹೊಲಿಗೆ ನೋವು. ಹೋಗ್ಲಿ ಬಿಡು, ಆಯಾಗೆ ಹೇಳ್ದೆ, ಕೆಳಗೆ ಗೋಡೆ ಮೇಲೆ ಫೋಟೋ ಇರೋಳು ನನ್ನ ಹೆಂಡ್ತಿ ಅಂತ."

ಅವನ ಕೆನ್ನೆಯ ಮೇಲೆ ಹೊಲಿಗೆಯ ಗೆರೆ ಚೌಕಾಕಾರವಾಗಿ ಕೆಂಪಗೆ ಮೂಡಿತ್ತು. ಇಸ್ತ್ರಿಯಕ್ಕ ಪಕ್ಕದ ಮಂಚದ ಬಳಿಯಿದ್ದ ಆಯಾಳನ್ನು ಕೂಗಿ ಕರೆದಳು.

"ತೇಪೆ ತಲೆ ಕಡೆಗೆ ಹಾಸಿದ್ದೀಯಲ್ಲೇ!" ಎಂದು ಆಯಾಳ ಮೇಲೆ ರೇಗಿದಳು.

ಆಯಾ ಬೆಪ್ಪಾದಳು. "ಮಡಿಚಿದ ಮೂಲೆ ಕಾಲಿಗೇ ಹಾಕಿದ್ದೀನಕ್ಕಾ. ನೀವೇ ಅಲ್ವಾ ಹೇಳ್ಕೊಟ್ಟಿದ್ದು? ನಿಮ್ಮ ಮಡಿಕೆ ಅಂದ್ರೆ ನಾವು ಬಿಚ್ಚಿ ನೋಡೋದೂ ಇಲ್ಲ."

ಇಸ್ತ್ರಿಯಕ್ಕ ಕಾಲಿನ ಕಡೆಯ ಮೂಲೆ ತಡವಿದಳು, ಅಲ್ಲಿ ತೇಪೆಯಿರಲಿಲ್ಲ, ಮಡಿಕೆ ಮಾತ್ರ ಅವಳದೇ. ಬೆಡ್‌ಶೀಟು ಬದಲಿಸಿಕೊಟ್ಟು, ಗಂಡನ ಕೆನ್ನೆಯನ್ನೊಮ್ಮೆ ಅಂಗೈಯಲ್ಲಿ ಸವರಿ ಕೆಳಗಿಳಿದಳು. ನಾಚಿಕೆಯಿಂದ ಸಾಯುವಂತಾಗಿತ್ತು. ಗೋಡೆಯ ಮೇಲೆ ಅವಳ ಮುಖ ಹಲ್ಲು ಬಿಟ್ಟುಕೊಂಡಿತ್ತು.

ಆ ದಿನ ಅವಳು ಒಂದೊಂದನ್ನೂ ಬೆಳಕಿಗೆ ಹಿಡಿದು, ತೇಪೆ ತಡವಿ, ಮೂಲೆ ನೋಡಿ ಮಡಿಚಿದಳು. ಸಂಜೆ ಮೇಲ್ವಿಚಾರಕ ಅವಳ ರಾಶಿ ನೋಡಿ ಹುಬ್ಬೇರಿಸಿದ.

"ಏನಕ್ಕಾ, ಇಷ್ಟೇನಾ? ಹುರುಪು ಕಮ್ಮಿ ಆಯ್ತಾ? ಹಿಂಗಾದ್ರೆ ಫೋಟೋ ಇಳಿಸ್ಬೇಕಾಗುತ್ತೆ."

"ಇಳಿಸಪ್ಪಾ" ಎಂದಳು ಇಸ್ತ್ರಿಯಕ್ಕ. ಸೊಂಟ ಹಿಡಿದುಕೊಂಡು ಎದ್ದಳು. "ಬೆಡ್‌ಶೀಟು ಇಟ್ಟಿರೋ ಆ ಕಪಾಟಿನ ಬೀಗದ ಕೈ ಕೊಡು. ಇಷ್ಟು ದಿನ ನಾನು ಮಡಿಚಿಟ್ಟಿದ್ದನ್ನೆಲ್ಲ ಬಿಚ್ಚಬೇಕು."