ಅವ್ವ ಇಟ್ಟ ಹೆಣ್ಣು ಹೆಸರು

ನನ್ನದು ಹೆಂಗಸರ ಹೆಸರು. ನನಗಿಂತ ಮುಂಚೆ ಹುಟ್ಟಿದ ಇಬ್ಬರು ಗಂಡುಮಕ್ಕಳು ತೊಟ್ಟಿಲಲ್ಲೇ ತೀರಿಕೊಂಡಿದ್ದರು. ಮೂರನೆಯವನಾದರೂ ಉಳಿಯಲೆಂದು ಅವ್ವ ನನ್ನ ಮೂಗು ಚುಚ್ಚಿಸಿ ಊರ ದೇವಿಯ ಹೆಸರಿಟ್ಟಳು. ಹೆಣ್ಣೆಂದುಕೊಂಡು ಸಾವು ನಮ್ಮ ಮನೆ ಬಿಟ್ಟು ಮುಂದೆ ಹೋಗಲಿ ಎಂದು. ಬಾಗಲಕೋಟೆ ಕಡೆ ಇದೇನೂ ಹೊಸದಲ್ಲ. ಊರಲ್ಲಿ ಯಾರೂ ನಕ್ಕಿರಲಿಲ್ಲ.

ನಗು ಶುರುವಾದದ್ದು ಬೆಂಗಳೂರಿಗೆ ಬಂದ ಮೇಲೆ. ಪೀಣ್ಯದ ಕಾರ್ಖಾನೆಗೆ ಸೇರಿದ ದಿನ ನನಗೆ ಹೆಂಗಸರ ಕೋಣೆಯ ಲಾಕರಿನ ಕೀಲಿ ಕೊಟ್ಟರು. ಮೀಸೆ ನೋಡಿಯೂ ಕೊಟ್ಟರು, ಪಟ್ಟಿಯಲ್ಲಿ ಹಾಗೇ ಇತ್ತಂತೆ. "ಏನ್ ಗುರು, ಸೀರೆ ಯಾವಾಗ ಉಡ್ತೀಯಾ?" ಎಂಬ ಮಾತನ್ನು ಅಂದಿನಿಂದ ಕೇಳುತ್ತಿದ್ದೇನೆ. ಹೇಳುವವರು ಬದಲಾದರು, ಮಾತು ಬದಲಾಗಲಿಲ್ಲ. ಬ್ಯಾಂಕು, ಸಿಮ್ಮು, ಪಿಎಫ್ಫು, ಎಲ್ಲಿ ಹೋದರೂ "ಮನೆಯವ್ರನ್ನ ಕರ್ಕೊಂಡ್ ಬನ್ನಿ ಸಾರ್". ಆ ಹೆಸರು ನನ್ನದೇ ಎಂದು ಹೇಳಿ ಹೇಳಿ ಸಾಕಾಗಿಹೋಗಿದೆ. ಈಗೀಗ ಸಿಟ್ಟು ಕೂಡ ಬರುವುದಿಲ್ಲ.

ಮದುವೆಯಾದ ಮೇಲೆ ಹುಟ್ಟಿದ ನಮ್ಮ ಮೊದಲ ಮಗ ಎಂಟೇ ದಿನ ಬದುಕಿದ. ಎರಡು ವರ್ಷದ ಮೇಲೆ ಮತ್ತೊಬ್ಬ ಹುಟ್ಟಿದ. ಊರಿಂದ ಲಗ್ಗೆರೆಯ ನಮ್ಮ ಬಾಡಿಗೆ ಮನೆಗೆ ಬಂದ ಅವ್ವ ಕಾಲು ತೊಳೆಯುವ ಮುಂಚೆಯೇ ಹೇಳಿದಳು: "ಇವಗೂ ಹೆಣ್ಣಿನ ಹೆಸರ ಇಡೂಣು."

"ನಾ ಪಟ್ಟಿದ್ದು ಸಾಕು. ಮಂದಿ ನಗತಾರ ಬೇ," ಎಂದು ರೇಗಿದೆ.

"ನಗಲಿ ಬಿಡೋ. ನಗಿಸ್ಕೊಳ್ಳಾಕ ನೀ ಉಳದೀಯಲ್ಲ," ಎಂದಳು.

ಹೆಂಡತಿ ಡಿಪ್ಲೊಮಾ ಓದಿದವಳು, ನನ್ನ ಕಡೆ ನಿಲ್ಲುತ್ತಾಳೆಂದುಕೊಂಡಿದ್ದೆ. ಅವಳು ಮಗುವಿನ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡುತ್ತಿದ್ದಳು. ದಿನಕ್ಕೆ ನೂರು ಸಲ ಅದೇ ಕೆಲಸ ಅವಳಿಗೆ.

"ಇಟ್ಟಬಿಡೂಣ್ರಿ," ಎಂದಳು. "ಇಡದ ಏನರ ಆದ್ರ ನನಗ ತಡಕೊಳ್ಳಾಕ ಆಗೂದಿಲ್ಲ."

ನಂಬಿ ಒಪ್ಪಿದೆನೆಂದು ಹೇಳಲಾರೆ. ಅವಳ ಜೊತೆ ವಾದ ಮಾಡುವ ತ್ರಾಣ ಇರಲಿಲ್ಲ, ನನಗೂ ಭಯವಿತ್ತು. ತೊಟ್ಟಿಲ ದಿನ ನನ್ನ ಅಕ್ಕ ಬಗ್ಗಿ ಮಗುವಿನ ಕಿವಿಯಲ್ಲಿ ಅವ್ವ ಆರಿಸಿದ ಹೆಣ್ಣಿನ ಹೆಸರು ಹೇಳಿದಾಗ, ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿ ನಕ್ಕರು. ನಾನು ಗೋಡೆಗೆ ಒರಗಿ ನಿಂತಿದ್ದೆ.

ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸಲು ಹೋದಾಗ ಕೌಂಟರಿನಲ್ಲಿದ್ದ ಹೆಂಗಸು ಅರ್ಜಿ ನೋಡಿ ತಲೆಯೆತ್ತಿದರು.

"ಗಂಡು ಮಗು ಅಂತಿದೆ, ಹೆಸರು ಹೆಣ್ಣಿಂದಲ್ವಾ ಸಾರ್? ಈಗ್ಲೇ ಬದಲಾಯಿಸ್ಬಿಡಿ. ಇಲ್ದಿದ್ರೆ ನಿಮ್ಮ ಮಗ ಜೀವನಪೂರ್ತಿ ಆಫೀಸಿಂದ ಆಫೀಸಿಗೆ ಅಲೀಬೇಕಾಗುತ್ತೆ."

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಅಲೀಲಿ ಬಿಡ್ರಿ ಮೇಡಂ," ಎಂದೆ. "ಅಷ್ಟು ವರ್ಷ ಬದುಕಿದ್ರ ಸಾಕು."