ಪಾಳಿ ಹಚ್ಚಿದ ರಕ್ತ

ನನ್ನ ಮಗಳಿಗೆ ಯಾರ ಕಣ್ಣೂ ಬಿದ್ದಿರಲಿಲ್ಲ, ಯಾವ ದೇವರೂ ಮುನಿದಿರಲಿಲ್ಲ. ಅಷ್ಟೊಂದು ಜನರ ರಕ್ತ ಒಳಗೆ ಹೋಗಿ ಹೋಗಿ, ಅವಳ ಮೈ ಹೊರಗಿನ ರಕ್ತದ ಮೇಲೆ ತಿರುಗಿಬಿದ್ದಿತ್ತು. ಆಗಿದ್ದು ಇಷ್ಟೇ. ಈಗ ಮೊಮ್ಮಕ್ಕಳು ಕೇಳಿದರೂ ಇದನ್ನೇ ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ನಮ್ಮದು ತಿಕೋಟಾ ಕಡೆಯ ಕಳ್ಳಕವಟಗಿ. ಹುಡುಗಿಗೆ ಥಲಸ್ಸೇಮಿಯಾ. ಅವಳ ಮೈಯಲ್ಲಿ ಒಳ್ಳೆಯ ರಕ್ತ ಹುಟ್ಟುತ್ತಿರಲಿಲ್ಲ. ಮುಖ ಬಿಳಿಚಿಕೊಂಡಾಗಲೆಲ್ಲ ವಿಜಾಪುರದ ದವಾಖಾನೆಗೆ ಹೊತ್ತುಕೊಂಡು ಹೋಗಿ ಬೇರೆಯವರ ರಕ್ತ ಹಾಕಿಸಬೇಕಿತ್ತು. ನನ್ನದೂ ಗಂಡನದೂ ಗುಂಪು ಕೂಡಲಿಲ್ಲ. ಊರಲ್ಲಿ ಹಿರಿಯರೆನಿಸಿದ್ದ ನನ್ನ ಮಾವ, ಒಬ್ಬರ ಹೊಲದಲ್ಲಿ ಒಬ್ಬರು ದುಡಿದು ತೀರಿಸುವ ಮುಯ್ಯಾಳು ಕರೆಯುವ ಹಾಗೆ, ಗುಂಪು ಕೂಡಿದವರಿಗೆಲ್ಲ ಮನೆಗೊಬ್ಬರಂತೆ ಪಾಳಿ ಹಚ್ಚಿದರು. ಒಮ್ಮೆ ಬಂದವನನ್ನು ಪಾಳಿ ತಿರುಗಿ ಬರುವವರೆಗೆ ಕರೆಯುವಂತಿಲ್ಲ. ಕರೆದರೆ ಉಳಿದ ಮನೆಗಳಿಗೆ ಅವಮಾನ. ಕಳೆ ತೆಗೆಯಲು ಈ ರೀತಿ ಬರೋಬ್ಬರಿ. ಯಾರಿಗೂ ಭಾರವಾಗಬಾರದೆಂದು ರಕ್ತಕ್ಕೂ ಅದನ್ನೇ ಹಚ್ಚಿದೆವು.

ಒಂದು ಸಲ ರಕ್ತ ಹಾಕಿಸಿ ಬಂದು ಇನ್ನೂ ವಾರ ಕಳೆದಿರಲಿಲ್ಲ, ಜ್ವರ ಬಂತು. ಕಣ್ಣು ಹಳದಿ, ಉಚ್ಚೆ ಹಾಲು ಹಾಕದ ಚಹಾದ ಬಣ್ಣ. ಮತ್ತೆ ವಿಜಾಪುರಕ್ಕೆ ಓಡಿದೆವು.

"ಹಾಕಿದ ರಕ್ತಾ ಎಲ್ಲಾ ಈಕಿ ಮೈಯೇ ಒಡದ ಹಾಕೈತ್ರಿ," ಎಂದರು ಡಾಕ್ಟರು. "ಗುಂಪು ಒಂದ ಇದ್ರೂ ಒಳಗ ಬ್ಯಾರೆ ಬ್ಯಾರೆ ಗುರುತು ಇರ್ತಾವ. ಒಬ್ಬರ ರಕ್ತದಿಂದಾನೂ ಹಿಂಗ ಆಗಬಹುದು, ಆದ್ರ ಮಂದಿ ಹೆಚ್ಚಾದಷ್ಟೂ ಕಾಟ ಹೆಚ್ಚು. ಯಾರದು ಹೊಂದತೈತಿ ನೋಡಿ ಅವರದ ಹಾಕೂಣು."

ಪಾಳಿಯಂತೆ ಬಂದಿದ್ದ ಇಬ್ಬರ ರಕ್ತವನ್ನು ಪರೀಕ್ಷೆಗೆ ತೆಗೆದರು. ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದ ಇಟ್ಟಂಗಿಹಾಳದವನೊಬ್ಬ, ಉಣ್ಣೆ ಮಾರಲು ಪೇಟೆಗೆ ಬಂದವನು, ಹುಡುಗಿಯನ್ನು ನೋಡಲು ಬಂದಿದ್ದ. ಹಿಂದಿನ ವರ್ಷ ಅವನೂ ಪಾಳಿಯಲ್ಲಿ ಸೇರಿ ರಕ್ತ ಕೊಟ್ಟಿದ್ದ.

"ಇವಂದೂ ನೋಡ್ರಿ," ಎಂದೆ. ಜೊತೆಗೆ ಬಂದಿದ್ದ ಮಾವ ನನ್ನನ್ನು ದುರುಗುಟ್ಟಿ ನೋಡಿದರು.

ಸಂಜೆಯವರೆಗೆ ವರಾಂಡದಲ್ಲಿ ತಿರುಗಿದ್ದೇ ತಿರುಗಿದ್ದು. ಪಾಳಿಯವರಿಬ್ಬರದೂ ಹುಡುಗಿಯ ರಕ್ತದೊಂದಿಗೆ ಸೇರಿದೊಡನೆ ಗಂಟುಗಟ್ಟಿತಂತೆ. ಅವರಲ್ಲಿ ನಮ್ಮ ನೆರೆಮನೆಯವನು ಸಿಟ್ಟಾದ.

"ನನ್ನ ರಕ್ತದಾಗ ಏನ್ ಹುಳಾ ಬಿದ್ದಾವೇನ್ರಿ?"

"ಹುಳಾ ಇಲ್ಲೋ ಯಪ್ಪಾ. ಈಕಿ ಮೈ ಒಲ್ಲೆ ಅಂತೈತಿ, ಅಷ್ಟ," ಎಂದೆ.

ಕುರಿಯವನದು ಮಾತ್ರ ಗಂಟುಗಟ್ಟಲಿಲ್ಲ. ಅದು ತಿಳಿಯುವ ಹೊತ್ತಿಗೆ ಅವನು ಊರಿಗೆ ಹೋಗಿಯಾಗಿತ್ತು.

"ಅವನ ಪಾಳಿ ಮುಗದೈತಿ," ಎಂದರು ಮಾವ. "ನಾಳೆ ಬಬಲೇಶ್ವರದ ಬೀಗರು ಬರ್ತಾರ, ಅವರದು ನೋಡಸೂಣು. ಕೊಟ್ಟವನ ಬಾಗಿಲಿಗೆ ಮತ್ತ ಹೋಗಿ ನಿಲ್ಲೂದಂದ್ರ ಏನ ಬೇ? ಉಳದವ್ರೆಲ್ಲಾ ಸತ್ತಾರೇನು?"

"ಮಾಮಾ, ನಿಮ್ಮ ಪಾಳಿ ಮುಗಿಯೂದ್ರಾಗ ಕೂಸು ಮುಗೀತೈತ್ರಿ."

ಅವರು ತಲೆಯ ಪಟಗಾ ಸರಿಮಾಡಿಕೊಂಡು ಹೊರಗೆ ಹೋದರು. ಗಂಡ ಹುಡುಗಿಯ ಕಾಲು ತಿಕ್ಕುತ್ತ ಕೂತಿದ್ದ. ಅವಳು ಮಲಗಿದಲ್ಲೇ ತೇಕುತ್ತಿದ್ದಳು. ಬೀಗರದೂ ಗಂಟುಗಟ್ಟಿದರೆ ಆಮೇಲೆ ಯಾರನ್ನು ಹುಡುಕುವುದು?

ಮರುದಿನ ಬೆಳಕು ಹರಿಯುತ್ತಲೇ ಗಂಡನಿಗಷ್ಟು ಹೇಳಿ ಇಟ್ಟಂಗಿಹಾಳಕ್ಕೆ ನಡೆದೆ. ಬಸ್ಸಿಗೆ ಕಾಯುತ್ತ ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ. ಕುರಿಯವನು ಮರಿಗಳನ್ನು ಬೇರೆ ಮಾಡಿ ಹಿಂಡು ಬಿಡುವುದರಲ್ಲಿದ್ದ.

"ಹಿರ್ಯಾರು ಕಳಿಸ್ಯಾರೇನ್ರಿ ಯಕ್ಕಾ?"

"ಇಲ್ಲ, ನಾನ ಬಂದೇನಿ. ನಿಂದ ಒಬ್ಬಂದ ಹೊಂದೈತಿ. ಇವತ್ತ ಮತ್ತ ಕೊಡಬೇಕು."

"ಕೊಡಾಕೇನ್ರಿ, ಕೊಡ್ತೇನಿ. ಕುರಿ ಯಾರ ಕಾಯ್ಬೇಕು?"

"ನಾ ಕಾಯ್ತೇನಿ. ನೀ ಬಸ್ಸಿಗೆ ಓಡು."

"ನಿಮ್ಮ ಮಾತು ಕೇಳ್ತಾವೇನ್ರಿ ಇವು?"

"ನಮ್ಮ ಮಾವನಕಿಂತ ಚಲೋ ಕೇಳ್ತಾವ, ನಡಿ."

ಅವನು ನಗುತ್ತ ಕೋಲು ನನ್ನ ಕೈಗಿತ್ತು ರಸ್ತೆಯ ಕಡೆ ಓಡಿದ. ನಾನು ಸೀರೆ ಎತ್ತಿ ಕಟ್ಟಿ, ಕುರಿಗಳನ್ನು ಹೊಡೆದುಕೊಂಡು ಹೊರಟೆ.